ಕೈ ಕಟ್ಟಿಕೊಂಡು ಮಾತಾಡಿದ ಮಳೆಗಾಲ

ಮಳೆ ಹಿಡಿಯುವ ಮೊದಲು ಮನೆಯ ಹಂಚು ಸರಿಮಾಡಿಸಬೇಕೆಂದು ಈ ಸಲ ನಮ್ಮೂರು ಬೆಳಕೆಗೆ ಹೋದವನು ಬಲೆಕೋಣೆಯ ಬಾಗಿಲು ತೆಗೆದೆ. ಎರಡು ವರ್ಷದಿಂದ ಬೀಗ ಹಾಕಿದ್ದ ಕೋಣೆ. ಹಳೆಯ ಬಲೆಯ ಉಪ್ಪುನಾತ ಬರುತ್ತದೆಂದು ಗೊತ್ತಿತ್ತು. ಅದರ ಜೊತೆಗೆ ರಾಗಿ ಸರಿಯ ವಾಸನೆ, ಮಕ್ಕಳ ನೆತ್ತಿಗೆ ಹಚ್ಚುವ ತೆಂಗಿನೆಣ್ಣೆಯ ವಾಸನೆ, ಹಾಲು ಕಕ್ಕಿದ ಬಟ್ಟೆಯ ಹುಳಿ ವಾಸನೆ ಎಲ್ಲವೂ ಗೋಡೆಯೊಳಗಿಂದ ಎದ್ದು ಬಂದವು. ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ.

ಮಾಡಿನ ಮೇಲಿದ್ದ ಹಂಚಿನವ ಬಗ್ಗಿ ನೋಡಿ, "ಎಂತಾ ಆತು ತಂಡೇಲ್ರೇ? ತಲೆ ತಿರುಗ್ತಾ?" ಎಂದು ಕೇಳಿದ.

"ಇಲ್ಲಾ ಮಾರಾಯಾ. ಹದಿನಾಲ್ಕು ಮಕ್ಕಳು ಮಲಗ್ತಿದ್ದ ಕೋಣೆ ಇದು. ನೆನಪಾತು."

"ಹದಿನಾಲ್ಕೂ ನಿಮ್ದೇಯಾ?"

"ಊರವರದ್ದು!"

ಅವನು ನನ್ನನ್ನು ಒಂದು ಥರ ನೋಡಿ ಮತ್ತೆ ಹಂಚಿಗೆ ಕೈಹಾಕಿದ. ಅವನಿಗೆ ಮಾಡಿನ ಮೇಲೆ ಕೂತಲ್ಲೇ ಹೇಳಿ ಮುಗಿಯುವ ಸಂಗತಿ ಇದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ಅಷ್ಟರಲ್ಲಿ ಅಪ್ಪನ ದೋಣಿಗೆ ಒಂದು ಕೈ ಕಡಿಮೆ ಬಿತ್ತು. ಅಕ್ಷರ ತಪ್ಪಿದ್ದಲ್ಲೆಲ್ಲ ನನ್ನ ಮಗಳು ಯಶೋದಾ ತಿದ್ದಿದ್ದಾಳೆ. ಸಂಗತಿ ತಪ್ಪಿದ್ದರೆ ಅದು ನನ್ನದು.

ತಂಡೇಲ ಎಂದರೆ ದೋಣಿ ನಡೆಸುವವ. ನಾನು ಮೊಣಕಾಲು ಕೈಕೊಡುವ ತನಕ ಅದೇ ಕೆಲಸ ಮಾಡಿದವನು. ಹೆಂಡತಿ ಹೋದ ಮೇಲೆ ಯಶೋದಾ ಬಾಣಂತನಕ್ಕೆಂದು ಬಂದವಳು ನನ್ನ ಜೊತೆಯಲ್ಲೇ ಉಳಿದಳು. ಅಳಿಯ ಗಣಪತಿ ದೊಡ್ಡ ಬೋಟಿನಲ್ಲಿ ದುಡಿಯುವವನು, ವಾರಗಟ್ಟಲೆ ಸಮುದ್ರದಲ್ಲೇ. ಮೊಮ್ಮಗಳು ಸಾನ್ವಿಗೆ ಮೂರು ತಿಂಗಳಾಗಿದ್ದಾಗ ಒಂದು ದಿನ ಬೆಳಗಾಗುವ ಮೊದಲೇ ಮೀನು ಮಾರುವ ಮಾದೇವಿ ತನ್ನ ಮೊಮ್ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಮಾದೇವಿ ನನ್ನ ವಾರಿಗೆಯವಳು, ನನ್ನನ್ನು ಏಕವಚನದಲ್ಲಿ ಬೈಯುವ ಹಕ್ಕಿರುವ ಊರಿನ ಒಬ್ಬಳೇ ಹೆಂಗಸು.

"ಯಶೋದಾ, ನಿನ್ನ ಕೂಸಿನ ಬಗಲಿಗೆ ಇದನ್ನೂ ಮಲಗ್ಸು ಮಗಾ. ಹರಾಜು ಮುಗ್ಸಿ, ಭಟ್ಕಳ ಪೇಟೆಗೆ ಹೋಗಿ ಬತ್ತೆ."

ಅಲ್ಲಿಂದ ಶುರು. ದೋಣಿ ದಡಕ್ಕೆ ಬರುವ ಹೊತ್ತಿಗೆ ಹರಾಜು, ಹರಾಜಿಗೆ ತಾಯಂದಿರು, ತಾಯಂದಿರ ಬೆನ್ನಿಗೆ ಮಕ್ಕಳು. ನಾಲ್ಕೂವರೆಗೆಲ್ಲ ನಮ್ಮ ಬಾಗಿಲು ತೆರೆದಿರುತ್ತಿತ್ತು. ನಿದ್ದೆಗಣ್ಣಿನ ಮಕ್ಕಳನ್ನು ತಂದು ತಂದು ನನ್ನ ಕೈಗಿಡುತ್ತಿದ್ದರು. ಬಲೆಕೋಣೆಯನ್ನು ಖಾಲಿ ಮಾಡಿ, ಜಂತಿಯಿಂದ ಜಂತಿಗೆ ಹಗ್ಗ ಕಟ್ಟಿ, ನನ್ನ ಕೈಯಾರೆ ಹೆಣೆದ ಬಲೆಯಲ್ಲಿ ಹನ್ನೆರಡು ತೊಟ್ಟಿಲು ಮಾಡಿದೆ; ಉಳಿದ ಇಬ್ಬರಿಗೆ ಚಾಪೆ. ಅಡಿಗೆ ಹಳೆಯ ಸೀರೆ ಹಾಸಿದರೆ ಗಾಳಿಯೂ ಆಡುತ್ತದೆ, ಮಗುವೂ ಬೀಳುವುದಿಲ್ಲ. ಯಶೋದಾ ಸರಿ ಕಾಸುತ್ತಿದ್ದಳು, ನಾನು ತೂಗುತ್ತಿದ್ದೆ. ಮಧ್ಯಾಹ್ನ ತಾಯಂದಿರು ಖಾಲಿ ಬುಟ್ಟಿ ಹೊತ್ತು ಬರುವವರೆಗೆ ನಮ್ಮ ಮನೆಯೇ ಅವರ ಮನೆ.

ಇನ್ನು ನನ್ನ ತಪ್ಪಿನ ಸಂಗತಿ ಹೇಳಬೇಕು.

ದೋಣಿಯಲ್ಲಿ ನಾವು ಬಾಯಿಂದ ಮಾತಾಡುವುದು ಕಡಿಮೆ. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳುವುದಿಲ್ಲ, ಬಲೆ ನೀರಿಗಿಳಿದ ಮೇಲಂತೂ ಗದ್ದಲವೇ ಮಾಡಬಾರದು. ಎಲ್ಲ ಕೈಸನ್ನೆ. ಅಂಗೈ ಎತ್ತಿದರೆ ನಿಲ್ಲಿಸು. ಬೆರಳು ಮಡಚಿ ಎಳೆದರೆ ಬಲೆ ಎಳಿ. ಐದು ಬೆರಳು ಕೂಡಿಸಿ ಬಾಯಿಗೆ ತಂದರೆ ಊಟ. ವರ್ಷಗಟ್ಟಲೆ ಹೀಗೆ ಬದುಕಿದವರು ಮನೆಗೆ ಬಂದರೂ ಅಭ್ಯಾಸ ಬಿಡುವುದಿಲ್ಲ. ಚಹಾ ಬೇಕಾದರೂ ಕೈ, ಬಾಗಿಲು ಹಾಕು ಎನ್ನುವುದಕ್ಕೂ ಕೈ. ಅಳಿಯನೂ ಹಾಗೆಯೇ. ಮಕ್ಕಳು ಮಲಗಿದ ಹೊತ್ತಿನಲ್ಲಿ ಯಶೋದಾಳಿಗೂ ಅದೇ ಅನುಕೂಲವಾಯಿತು.

ಆ ಭಾಷೆಯನ್ನು ಸಾನ್ವಿ ಕಲಿತಷ್ಟು ಬೇಗ ಯಾರೂ ಕಲಿಯಲಿಲ್ಲ. ವರ್ಷ ತುಂಬುವ ಮೊದಲೇ ಬೆರಳು ಕೂಡಿಸಿ ಬಾಯಿಗೆ ತಂದು ಸರಿ ಕೇಳಿದಳು. ಅಂಗೈ ಎತ್ತಿದರೆ ತೆವಳುವುದನ್ನು ನಿಲ್ಲಿಸುತ್ತಿದ್ದಳು. ನಾವು ಎಷ್ಟು ಖುಷಿಪಟ್ಟೆವು ಎಂದರೆ, ಬಂದವರಿಗೆಲ್ಲ ಅದನ್ನು ಆಟ ಮಾಡಿ ತೋರಿಸಿದ್ದೇ ತೋರಿಸಿದ್ದು. ಒಂದು ಏಪ್ರಿಲ್ ಕೊನೆಗೆ ಮಧ್ಯಾಹ್ನವೇ ಗುಡುಗು ಬಂತು. ಹಂಚು ನಡುಗುವಂಥ ಗುಡುಗು. ತಾಯಂದಿರಿಗೆ ಕಾಯುತ್ತಿದ್ದ ಮಕ್ಕಳೆಲ್ಲ ಚೀರಿದವು. ಸಾನ್ವಿ ಬೆರಳು ಚೀಪುತ್ತ ಮಲಗಿಯೇ ಇದ್ದಳು. ನಾನು ಚಹಾದಂಗಡಿಗೆ ಹೋಗಿ ಎದೆ ಸೆಟೆಸಿ ಹೇಳಿದೆ: "ಗುಡುಗಿಗೂ ಹೆದರೂದಿಲ್ಲ ನನ್ನ ಮೊಮ್ಮಗಳು. ತಂಡೇಲನ ರಕ್ತ ಅದು!"

ಈಗಲೂ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಸಾನ್ವಿಗೆ ಎರಡು ತುಂಬಿದ ಮೇಲೆ, ಮಾದೇವಿ ಒಂದು ಮಧ್ಯಾಹ್ನ ಅಲ್ಯೂಮಿನಿಯಂ ಬುಟ್ಟಿ ಇಳಿಸುವಾಗ ಕೈತಪ್ಪಿ ಬೀಳಿಸಿದಳು. ಸಿಮೆಂಟು ನೆಲ. ಮಕ್ಕಳೆಲ್ಲ ಬೆಚ್ಚಿ ತಿರುಗಿದವು. ಬೆನ್ನು ಹಾಕಿ ಕೂತಿದ್ದ ಸಾನ್ವಿ ಚಿಪ್ಪು ಜೋಡಿಸುತ್ತಲೇ ಇದ್ದಳು. ಅದನ್ನು ಮಾದೇವಿ ನೋಡಿದಳು. ಮತ್ತೆ ಬುಟ್ಟಿ ಎತ್ತಿ, ಈ ಸಲ ಬೇಕೆಂದೇ ಬಿಟ್ಟಳು. ಸಾನ್ವಿ ತಿರುಗಲಿಲ್ಲ.

"ತಂಡೇಲಾ," ಎಂದಳು, ಎಂದಿನ ಗಂಟಲಿನಲ್ಲಿ ಅಲ್ಲ. "ಇದು ಧೈರ್ಯ ಅಲ್ಲಾ ಮಾರಾಯಾ. ಕೂಸಿನ ಕಿವಿ ತೋರ್ಸು."

ಭಟ್ಕಳದ ಡಾಕ್ಟರು ಹೊನ್ನಾವರಕ್ಕೆ ಕಳಿಸಿದರು, ಹೊನ್ನಾವರದವರು ಮಂಗಳೂರಿಗೆ ಬರೆದುಕೊಟ್ಟರು. ಶರಾವತಿಯ ಸೇತುವೆ ಮೇಲೆ ಬಸ್ಸು ಬರುವಾಗ ಯಶೋದಾ ಕಿಟಕಿಯ ಹೊರಗೆ ನೋಡುತ್ತ ಒಂದೇ ಮಾತು ಹೇಳಿದಳು: "ಅಪ್ಪಾ, ಇಷ್ಟೆಲ್ಲ ಮಕ್ಕಳನ್ನು ನೋಡ್ಕಂತೆ ಅಂತ ಹೆಸರು ನಂಗೆ. ನಂದೇ ನಂಗೆ ಕಾಣ್ಲಿಲ್ಲ." ಆ ಮನೆಯಲ್ಲಿ ಬಾಯಿ ಬಿಟ್ಟು ಕರೆಯದೆ ಕೈಯಿಂದಲೇ ಎಲ್ಲ ನಡೆಸಿದವನು ನಾನು. ಹೆಸರು ಹಿಡಿದು ಕರೆದಿದ್ದರೆ ಆರು ತಿಂಗಳಿಗೇ ಗೊತ್ತಾಗುತ್ತಿತ್ತು.

ಮಂಗಳೂರಿನಲ್ಲಿ ಪರೀಕ್ಷೆಯಾಯಿತು. ಎರಡೂ ಕಿವಿ ಮಂದ, ಆದರೆ ಪೂರ್ತಿ ಹೋಗಿಲ್ಲ. ಕಿವಿಯ ಹಿಂದೆ ಪುಟಾಣಿ ಮಿಶನ್ ಹಾಕಿದರು. ಮಿಶನ್ ಸದ್ದನ್ನು ಮಾತ್ರ ತರುತ್ತದೆ, ಮಾತನ್ನು ನಾವೇ ಕಲಿಸಬೇಕು, ವಾರಕ್ಕೆ ಐದು ದಿನ ಕ್ಲಾಸು, ಕಡಿಮೆಯೆಂದರೂ ಎರಡು ವರ್ಷ ಎಂದರು. ಇನ್ನೊಂದು ಮಾತೂ ಹೇಳಿದರು: ಮಗು ಮಾತಾಡುವ ಮಕ್ಕಳ ನಡುವೆಯೇ ದಿನವೆಲ್ಲ ಇರಬೇಕು.

ಬೆಳಕೆಯಿಂದ ದಿನವೂ ಮಂಗಳೂರಿಗೆ ಹೋಗಿ ಬರಲು ಆಗುವ ಮಾತೇ? ಕುಮಟೆಯಲ್ಲಿರುವ ನನ್ನ ತಂಗಿ ಫೋನು ಮಾಡಿ, "ಕುಮಟೆಗೆ ಬಂದುಬಿಡಿ ಅಣ್ಣಾ, ಅಷ್ಟು ದೊಡ್ಡ ಊರು ಎಂತಕ್ಕೆ, ಅಲ್ಲಿ ತುಳಸಿ ಎಲೆಗೂ ದುಡ್ಡು ಕೊಡ್ಬೇಕು" ಎಂದಳು. ಆದರೆ ಕುಮಟೆಯಲ್ಲಿ ಆ ಕ್ಲಾಸಿಲ್ಲ. ಯಶೋದಾ ಹದಿನೈದು ದಿನ ಯೋಚಿಸಿ ಒಂದು ಬೆಳಿಗ್ಗೆ ಸರಿ ಕಾಸುತ್ತಲೇ ಹೇಳಿದಳು. "ಅಪ್ಪಾ, ಮಕ್ಕಳ ನೋಡ್ಕಣೂದು ಬಿಟ್ರೆ ನಂಗೆ ಬೇರೆ ಕೆಲಸ ಬರೂದಿಲ್ಲ. ಆ ಕೆಲಸನೇ ತಗಂಡು ಮಂಗಳೂರಿಗೆ ಹೋಪ. ಅಲ್ಲೂ ಮಕ್ಕಳು ಬಂದ್ರೆ ಮನೆ ನಡೀತು, ಸಾನ್ವಿಗೂ ಜೊತೆ ಆತು."

ನಾವು ಮನೆ ಬದಲಿಸಿದ್ದು ಜೂನಿನಲ್ಲಿ. ನಮ್ಮ ಪೈಕಿಯವರು ಎಲ್ಲ ದೊಡ್ಡ ಕೆಲಸ ಇಟ್ಟುಕೊಳ್ಳುವುದು ಆಗಲೇ. ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ಬಂದ್, ಬೋಟು ದಡದಲ್ಲಿ, ಗಂಡಸರು ಮನೆಯಲ್ಲಿ, ಬೆಳಕೆಯ ಮಕ್ಕಳೂ ತಾಯಂದಿರ ಜೊತೆ. ಗಣಪತಿಯೂ ಕೈಗೆ ಸಿಗುತ್ತಾನೆ. ಇದಕ್ಕಿಂತ ಒಳ್ಳೆಯ ಸಮಯ ಯಾವುದು ಎಂದುಕೊಂಡು ಹನ್ನೆರಡು ಬಲೆ ತೊಟ್ಟಿಲು, ಚಾಪೆ, ಸರಿ ಕಾಸುವ ದೊಡ್ಡ ಪಾತ್ರೆ ಎಲ್ಲವನ್ನೂ ಒಂದು ಟೆಂಪೋಗೆ ಹೇರಿಕೊಂಡು ಹೊರಟೆವು. ಮಾದೇವಿ ರಸ್ತೆಯ ತನಕ ಬಂದು ಒಣಮೀನಿನ ಕಟ್ಟು ಕೊಟ್ಟು, "ಅಲ್ಲಿ ಹೋಗಿ ಸೋಗು ಮಾಡಿ ಮೀನು ತಿನ್ನೂದು ಬಿಡ್ಬೇಡ" ಎಂದು ಯಶೋದಾಳಿಗೆ ಹೇಳಿ, ನನ್ನ ಕಡೆ ನೋಡದೆ ಹೋದಳು. ಅಳುವಾಗ ಅವಳು ಯಾರ ಮುಖವನ್ನೂ ನೋಡುವುದಿಲ್ಲ.

ಮಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಚಿರೆಕಲ್ಲಿನ ಕಾಂಪೌಂಡು ಇರುವ ಒಂದು ಹಳೆಯ ಮನೆ ಸಿಕ್ಕಿತು. ಬಾಡಿಗೆ ಕೇಳಿ ನನಗೆ ನಿಂತಲ್ಲೇ ಬೆವರು. ಆದರೆ ಕ್ಲಾಸು ನಡೆದುಹೋಗುವಷ್ಟು ಹತ್ತಿರ. ಅಲ್ಲಿನವರೆಲ್ಲ ಹಾಕಿದಂತೆ ನಾವೂ ಬೋರ್ಡು ಹಾಕಿದೆವು: ಬೇಬಿ ಸಿಟ್ಟಿಂಗ್, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು.

ಯಾರೂ ಬರಲಿಲ್ಲ.

ಮೊದಲ ವಾರ ಮಳೆ ಎಂದುಕೊಂಡೆವು. ಎರಡನೆಯ ವಾರ ಒಬ್ಬ ತಾಯಿ ಕೊಡೆ ಮಡಚದೆ ಬಾಗಿಲಲ್ಲೇ ನಿಂತು ನಮ್ಮ ತೊಟ್ಟಿಲು ನೋಡಿ, "ಇದು ಮೀನಿನ ಬಲೆಯಾ?" ಎಂದು ಕೇಳಿ, ಮತ್ತೆ ಬರುತ್ತೇನೆಂದು ಹೋದವರು ಬರಲೇ ಇಲ್ಲ. ಇನ್ನೊಬ್ಬರು ನಿಜ ಹೇಳಿದರು. "ಈಗ ಜೂನ್ ಅಲ್ವಾ? ಮೇ ತಿಂಗಳಲ್ಲೇ ಎಲ್ಲ ಕಡೆ ಸೇರಿಸಿ ಆಗ್ತದೆ. ನೀವು ಈಗ ಬಂದ್ರೆ ಮಕ್ಕಳು ಎಲ್ಲಿಂದ ಸಿಗ್ಬೇಕು?" ಇಡೀ ಪೇಟೆಗೆ ಗೊತ್ತಿದ್ದ ಸಂಗತಿ ನಮಗೆ ಗೊತ್ತಿರಲಿಲ್ಲ. ನಾವು ಬೋಟಿನ ಪಂಚಾಂಗ ನೋಡಿ ಬಂದವರು!

ಯಶೋದಾ ಅಳಲಿಲ್ಲ, ಬೈಯಲಿಲ್ಲ. "ಚೌತಿ ತನಕ ನೋಡುವ ಅಪ್ಪಾ. ಅಷ್ಟ್ರೊಳಗೆ ಮಕ್ಕಳು ಬರ್ದಿದ್ರೆ ವಾಪಸು" ಎಂದಳು. ವಾಪಸು ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಸಾನ್ವಿಯ ಕ್ಲಾಸು ಅರ್ಧಕ್ಕೆ ನಿಲ್ಲುವುದು. ಆಗಸ್ಟು ಬಂದೊಡನೆ ಗಣಪತಿ ಮಂಗಳೂರು ಬಂದರಿನ ಬೋಟು ಹತ್ತಿದ. ಖಾಲಿ ಮನೆಯಲ್ಲಿ ನಾವು ಮೂವರು, ಹನ್ನೆರಡು ತೊಟ್ಟಿಲು, ಹೊರಗೆ ಮಳೆ.

ಕ್ಲಾಸಿನ ಟೀಚರು ಚಿಕ್ಕ ವಯಸ್ಸಿನ ಹುಡುಗಿ, ಆದರೆ ಭಲೇ ಖಡಕ್ಕು. ಒಂದು ದಿನ ನಾನು ಸಾನ್ವಿಗೆ ಕೈಸನ್ನೆಯಲ್ಲಿ ಚಪ್ಪಲಿ ಹಾಕಿಕೋ ಎಂದದ್ದನ್ನು ನೋಡಿಬಿಟ್ಟರು.

"ಅಜ್ಜಾ, ಮನೆಯಲ್ಲೂ ಹೀಗೇನಾ?"

"ಹೌದು ಟೀಚ್ರೇ. ಎಲ್ಲ ತಿಳೀತು ಅದಕ್ಕೆ."

"ಅದೇ ತೊಂದರೆ. ಕೈಸನ್ನೆ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಈಗಷ್ಟೇ ಮಿಶನ್ ಬಂದಿದೆ, ಕಿವಿಗೆ ಕೆಲಸ ಕೊಡ್ಬೇಕು. ನೀವು ಕೈ ಎತ್ತಿದ ಕೂಡ್ಲೇ ಅವಳು ಕಿವಿಗೆ ರಜೆ ಕೊಡ್ತಾಳೆ. ಮನೆಯಲ್ಲಿ ಮಕ್ಕಳು ಬರ್ತಾರೆ ಅಂದಿದ್ರಲ್ಲ, ಎಷ್ಟು ಜನ?"

"ಯಾರೂ ಇಲ್ಲ."

"ಹಾಗಾದ್ರೆ ಅಷ್ಟೂ ಮಕ್ಕಳ ಮಾತು ನೀವೊಬ್ರೇ ಆಡ್ಬೇಕು ಅಜ್ಜ. ಎದ್ದಾಗಿಂದ ಮಲಗುವ ತನಕ. ಮಾಡಿದ್ದೆಲ್ಲ ಬಾಯಿಬಿಟ್ಟು ಹೇಳಿ. ಕೈ ಎತ್ತಬೇಡಿ."

ನನಗೆ! ಬಲೆ ಎಳೆಯುವಾಗ ಕೆಮ್ಮು ಬಂದರೂ ನುಂಗಿಕೊಂಡವನಿಗೆ! ಆದರೆ ತಪ್ಪು ಮಾಡಿದವನು ನಾನು, ತೀರಿಸುವವನೂ ನಾನೇ ಎಂದು ಮರುದಿನ ಬೆಳಿಗ್ಗೆಯಿಂದಲೇ ಶುರುಮಾಡಿದೆ. ಕೈ ಮಾತು ಕೇಳಲಿಲ್ಲ. ಬಾಯಿ ತೆರೆಯುವ ಮೊದಲೇ ಅದು ಏಳುತ್ತಿತ್ತು. ಕೊನೆಗೆ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಯಶೋದಾಳ ಕೈಗೆ ಕೊಟ್ಟು, "ಎರಡೂ ಕೈ ಹಿಂದಕ್ಕೆ ಕಟ್ಟು" ಎಂದೆ. ಕೆಲಸಕ್ಕೆ ಕೈ ಬೇಕಾದಾಗ ಬಿಚ್ಚುವುದು, ಮುಗಿದೊಡನೆ ಮತ್ತೆ ಕಟ್ಟುವುದು. ಮೂಗು ತುರಿಸಿದರೆ ಕಂಬಕ್ಕೆ ಉಜ್ಜಿಕೊಳ್ಳುತ್ತಿದ್ದೆ. ಮನೆ ಬಿಟ್ಟು ಬಂದ ಮೇಲೆ ಯಶೋದಾ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅಂದೇ ಮೊದಲು.

"ಸಾನ್ವೀ, ನೋಡು, ಮಳೆ ಬಂತು. ಅಜ್ಜ ಕೊಡೆ ಬಿಡಿಸ್ತ. ಕೊಡೆ ಕಪ್ಪು. ಕೊಡೆಗೆ ತೂತು. ಅಜ್ಜನ ತಲೆ ಒದ್ದೆ. ಆತು. ಇದು ಬೆಂಡೆಕಾಯಿ. ಇದರ ತಲೆ ಕೊಯ್ತೆ, ಬಾಲ ಕೊಯ್ತೆ. ಆತು. ಇದು ಇರುವೆ. ಇರುವೆ ಸಕ್ಕರೆ ತಗಂಡು ಹೋತು. ಹೋಗ್ಲಿ ಬಿಡು. ಆತು."

ಮಧ್ಯಾಹ್ನದೊಳಗೆ ದವಡೆ ನೋವು. ಹೇಳಲು ವಿಷಯ ಮುಗಿದರೆ ಪಂಪಿನ ಸದ್ದು, ಗೋಡೆಯ ಪಾಚಿ, ನನ್ನ ಹಲ್ಲು, ಕಳೆದ ವರ್ಷದ ಬಿರುಗಾಳಿ, ಏನು ಸಿಕ್ಕರೆ ಅದು. ಸಾನ್ವಿ ಕಂಬಕ್ಕೆ ಒರಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಒಂದು ಸದ್ದೂ ಅವಳಿಂದ ಬರಲಿಲ್ಲ. ದಿನ ಹತ್ತಾಯಿತು, ಇಪ್ಪತ್ತಾಯಿತು. ಚೌತಿಗೆ ಇನ್ನು ಮೂರು ವಾರ ಉಳಿಯಿತು.

ಆಗ ಒಂದು ದಿನ ಹತ್ತು ಗಂಟೆಯ ಸುಮಾರಿಗೆ ಪಕ್ಕದ ಮನೆಯ ಜೆಸಿಂತಾ ನೈಟಿಯ ಮೇಲೆ ಟವೆಲು ಹೊದ್ದುಕೊಂಡು ಗೇಟು ದಬ್ಬಿ ಒಳಗೆ ಬಂದರು. ಆಸ್ಪತ್ರೆಯಲ್ಲಿ ನರ್ಸು. ಅದುವರೆಗೆ ಮಾತಾಡಿದ್ದೇ ಇಲ್ಲ. ಕಣ್ಣು ಕೆಂಪಗಿತ್ತು.

"ಅಜ್ಜಾ, ಯಾರ ಹತ್ರ ಮಾರಾಯ್ರೆ ನಿಮ್ಮ ಜಗಳ? ರಾತ್ರಿ ಡ್ಯೂಟಿ ಮಾಡಿ ಈಗ ಮಲಗಿದ್ದೇನೆ ನಾನು. ಒಂದು ಗಂಟೆಯಿಂದ ನುಗ್ಗೆಕಾಯಿಗೆ ಬೈತಾ ಇದ್ದೀರಿ!"

"ಬೈಯೂದಲ್ಲ ಅಮ್ಮಾ. ನುಗ್ಗೆಕಾಯಿ ಮುರಿಯೂದು ಹೆಂಗೆ ಅಂತ ಹೇಳ್ತಿದ್ದೆ."

"ಯಾರಿಗೆ?"

ನಾನು ಕಂಬದ ಕಡೆ ತಿರುಗಿದೆ. ಜೆಸಿಂತಾ ಸಾನ್ವಿಯನ್ನು ನೋಡಿದರು, ಅವಳ ಕಿವಿಯ ಹಿಂದಿನ ಮಿಶನ್ ನೋಡಿದರು, ಆಮೇಲೆ ನನ್ನ ಕಟ್ಟಿದ ಕೈ ನೋಡಿದರು. ಮೆಟ್ಟಿಲ ಮೇಲೆ ಕೂತೇಬಿಟ್ಟರು.

"ಇದಕ್ಕಾ? ನಾವು ಓಣಿಯವರೆಲ್ಲ ಎಂತ ಮಾತಾಡ್ಕೊಂಡದ್ದು ಗೊತ್ತುಂಟಾ? ಅಜ್ಜನಿಗೆ ತಲೆ ಸರಿ ಇಲ್ಲ, ಪಾಪ ಮಗಳು ಕಟ್ಟಿ ಹಾಕಿದ್ದಾಳೆ ಅಂತ!"

ಒಳಗಿಂದ ಬಂದ ಯಶೋದಾ ನಾಚಿಕೆಯಲ್ಲಿ ನಕ್ಕಳು, ಜೆಸಿಂತಾ ನಕ್ಕರು, ನಾನೂ ನಕ್ಕೆ. ಕೈ ಕಟ್ಟಿದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ.

ಚಹಾ ಕುಡಿಯುತ್ತ ಜೆಸಿಂತಾ ತಮ್ಮ ಮಗಳು ರೀಮಾಳ ಸಂಗತಿ ಹೇಳಿದರು. ಮೂರೂವರೆ ವರ್ಷ. "ಅವಳಿಗೆ ಬಾಯಿ ಮುಚ್ಚಲಿಕ್ಕೆ ಬರೂದೇ ಇಲ್ಲ. ನಿಮಗೆ ಮಾತಾಡುವವರು ಬೇಕಾದ್ರೆ ನಾಳೆಯೇ ಕಳಿಸ್ತೇನೆ. ಆದ್ರೆ ಬೆಳಗ್ಗಿನ ಡ್ಯೂಟಿ ಇದ್ದಾಗ ನಾನು ಆರಕ್ಕೇ ಹೊರಡ್ಬೇಕು. ಒಂಬತ್ತಕ್ಕೆ ಮುಂಚೆ ಈ ಊರಲ್ಲಿ ಯಾವ ಬೇಬಿ ಸಿಟ್ಟಿಂಗೂ ತೆರೆಯೂದಿಲ್ಲ. ಅಕ್ಕನ ಮನೆ, ಅತ್ತೆ ಮನೆ ಅಂತ ಹೊತ್ತುಕೊಂಡು ತಿರುಗಿ ಸಾಕಾಯ್ತು."

"ಆರಕ್ಕಾ?" ಯಶೋದಾ ಚಹಾದ ಲೋಟ ಕೆಳಗಿಟ್ಟಳು. "ಊರಲ್ಲಿ ನಾಲ್ಕೂವರೆಗೆ ಬರ್ತಿದ್ರು ಅಕ್ಕಾ ನಮ್ಮಲ್ಲಿಗೆ! ನಾವು ಏಳೂದೇ ಆಗ."

"ಮತ್ತೆ ಬೋರ್ಡಿನಲ್ಲಿ ಒಂಬತ್ತು ಅಂತ ಯಾಕೆ ಹಾಕಿದ್ದೀರಿ?"

ಯಾಕೆ ಹಾಕಿದೆವು? ಎಲ್ಲರೂ ಹಾಕಿದ್ದರು, ನಾವೂ ಹಾಕಿದೆವು. ಪೇಟೆಯವರ ಹಾಗೆ ಕಾಣಬೇಕೆಂದು ನಮಗೆ ಬರುತ್ತಿದ್ದ ಕೆಲಸವನ್ನೇ ಬೋರ್ಡಿನಿಂದ ತೆಗೆದುಹಾಕಿದ್ದೆವು.

ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ರೀಮಾ ಬಂದಳು, ನಿದ್ದೆಗಣ್ಣಿನಲ್ಲೇ ಮಾತಾಡುತ್ತ. ಅದೇ ವಾರ ಜೆಸಿಂತಾರ ಜೊತೆಯ ಮೂವರು ನರ್ಸುಗಳ ಮಕ್ಕಳು. ಆಮೇಲೆ ಬಸ್ಸಿನ ಕಂಡಕ್ಟರಮ್ಮನ ಎರಡು ಮಕ್ಕಳು. ಮಲ್ಲಿಗೆ ಮಾರುವವಳ ಮಗು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದೋಸೆ ಹುಯ್ಯುವವಳ ಮಗು. ಊರು ಏಳುವ ಮೊದಲೇ ಏಳಬೇಕಾದ ತಾಯಂದಿರು ಇಲ್ಲಿಯೂ ಅಷ್ಟೊಂದು ಜನ ಇದ್ದರು! ಅವರು ಯಾರೂ ಬಲೆ ತೊಟ್ಟಿಲನ್ನು ನೋಡಿ ಮೂಗು ಮುರಿಯಲಿಲ್ಲ. ಮಲ್ಲಿಗೆಯವಳಂತೂ ಹಗ್ಗ ಎಳೆದು ನೋಡಿ, "ಗಟ್ಟಿ ಉಂಟು ಅಜ್ಜ, ನನಗೂ ಒಂದು ಹೆಣೆದು ಕೊಡಿ, ನಾನೇ ಮಲಗ್ತೇನೆ" ಎಂದಳು. ಚೌತಿಯ ಹಿಂದಿನ ದಿನ ಹನ್ನೊಂದು ತೊಟ್ಟಿಲು ತುಂಬಿದ್ದವು. ಯಶೋದಾ ವಾಪಸಿನ ಮಾತೆತ್ತಲಿಲ್ಲ. ಕಡುಬಿಗೆ ಅರಿಶಿನದ ಎಲೆ ತಾ ಎಂದಷ್ಟೇ ಹೇಳಿ ಕಳಿಸಿದಳು.

ಮನೆಯಲ್ಲಿ ಎಂಥ ಗದ್ದಲ ಎಂದರೆ ತುಳು, ಕೊಂಕಣಿ, ಕನ್ನಡ, ಮಲಯಾಳ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿ ಬಂದ ಹಾಗೆ. ಟೀಚರಿಗೆ ಹೇಳಿದೆ. ಅವರು "ಸದ್ಯ ನಿಮ್ಮ ದವಡೆಗೆ ಸ್ವಲ್ಪ ಬಿಡುವು" ಎಂದರು. ನಾನು ಬಿಡುವು ತೆಗೆದುಕೊಳ್ಳಲಿಲ್ಲ. ಅಷ್ಟು ದಿನದಲ್ಲಿ ನನಗೆ ಮಾತಿನ ಚಟ ಹತ್ತಿತ್ತು.

ಚೌತಿ ಕಳೆದು ಒಂದು ವಾರವಾಗಿರಬೇಕು. ಮಕ್ಕಳಿಗೆ ಗಂಜಿ ಬಡಿಸುತ್ತಿದ್ದೆ. ಸಾಲಾಗಿ ತಟ್ಟೆ, ಸಾಲಾಗಿ ಬಾಯಿ. ರೀಮಾ ತನ್ನ ಕತೆ ಹೇಳುತ್ತಿದ್ದಳು. ಸಾನ್ವಿ ಗಂಜಿ ಮುಗಿಸಿದಳು, ತಟ್ಟೆಯನ್ನು ಬೋರಲು ಹಾಕಿದಳು, ಅದರ ಮೇಲೆ ಚಮಚೆಯಿಂದ ಒಂದು ಪೆಟ್ಟು ಕೊಟ್ಟಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು:

"ಆ...ತು."

ಗಂಜಿಯ ಸೌಟು ನನ್ನ ಕೈಯಿಂದ ಜಾರಿ ಪಾತ್ರೆಯೊಳಗೇ ಬಿತ್ತು. ಅಡುಗೆಮನೆಯಿಂದ ಯಶೋದಾ ಓಡಿ ಬಂದು, "ಯಾರು? ಯಾರು ಹೇಳಿದ್ದು?" ಎಂದು ಕೂಗಿದಳು.

ರೀಮಾ ಎರಡೂ ಕೈ ಎತ್ತಿ, "ನಾನಲ್ಲ ಆಂಟೀ! ಸಾನ್ವಿ ಹೇಳಿದ್ದು! ನಾನು ಎಂತ ಸಾ ಮಾಡ್ಲಿಲ್ಲ!" ಎಂದಳು. ಪಾಪ, ಬೈಗುಳ ಬೀಳುತ್ತದೆಂದು ಹೆದರಿದ್ದಳು.

ಯಶೋದಾ ಮಗಳ ಮುಂದೆ ಕೂತು ಗಲ್ಲ ಹಿಡಿದಳು. "ಮತ್ತೊಂದ್ ಸಲ ಹೇಳು ಮಗಾ." ಸಾನ್ವಿ ಹೇಳಲಿಲ್ಲ. ಖಾಲಿ ತಟ್ಟೆಯನ್ನು ತಿರುಗಿಸಿ ಮತ್ತೆ ಗಂಜಿ ಹಾಕು ಎಂದು ನನ್ನ ಕಡೆ ಹಿಡಿದಳು. ಹಾಕಿದೆ. ತಿಂದಳು. ನಾವಿಬ್ಬರೂ ಉಸಿರು ಹಿಡಿದು ಕಾದೆವು. ತಟ್ಟೆ ಬೋರಲಾಯಿತು. "ಆತು!" ಈ ಸಲ ಪೂರ್ತಿ. ಅವತ್ತು ಅವಳು ಐದು ಸಲ ಗಂಜಿ ತಿಂದಳು. ನಾವು ತಿನ್ನಿಸಿದೆವು ಎನ್ನಬೇಕು.

ಟೀಚರು ಸಂಗತಿ ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡು ನಕ್ಕರು. "ಎಲ್ಲ ಮಕ್ಕಳೂ ಅಮ್ಮ ಅಂತಾರೆ, ಅಪ್ಪ ಅಂತಾರೆ, ನಿಮ್ಮ ಮೊಮ್ಮಗಳು ಆತು ಅಂತ ಶುರು ಮಾಡಿದ್ಲಾ!" ಯಶೋದಾಳ ಮುಖದಲ್ಲಿ ಒಂದು ಸಣ್ಣ ಆಸೆ ಉಳಿದದ್ದು ನನಗೆ ಕಂಡಿತು. ಅದು ದಸರೆಯೊಳಗೆ ತೀರಿತು. ಅಮ್ಮ ಬಂತು, ನೀನು ಬಂತು, ಬೇಡ ಬಂತು. ಬೇಡ ಬಂದ ಮೇಲಂತೂ ಮನೆಯಲ್ಲಿ ಬೇರೆ ಮಾತೇ ಇಲ್ಲ. ಸಮುದ್ರದಿಂದ ಬಂದ ಗಣಪತಿ ಮಗಳನ್ನು ಎತ್ತಿಕೊಳ್ಳಲು ಹೋದರೆ "ಬೇಡ, ನಾತ" ಎಂದಳು. ಅವನು ಆ ಎರಡು ಶಬ್ದವನ್ನು ಬೋಟಿನವರಿಗೆಲ್ಲ ಹೇಳಿಕೊಂಡು ತಿರುಗಿದನಂತೆ.

ಅಕ್ಟೋಬರಿನಲ್ಲಿ ಮಳೆ ಹಿಂದಿರುಗುವ ಹೊತ್ತಿಗೆ ಒಂದು ಸಂಜೆ ಗುಡುಗಿತು. ಸಾನ್ವಿ ಆಟ ಬಿಟ್ಟು, ಕಿರುಚಿ, ಓಡಿ ಬಂದು ನನ್ನ ಲುಂಗಿಯೊಳಗೆ ಮುಖ ಹುದುಗಿಸಿ ನಡುಗಿದಳು. ನಾನು ಅವಳನ್ನು ಎತ್ತಿಕೊಂಡು ಹಜಾರದ ತುಂಬ ಕುಣಿದೆ. ಯಶೋದಾ, "ಅಪ್ಪಾ, ನಿಂಗೆ ಎಂತಾ ಆತು, ಮಗು ಕೂಗ್ತಾ ಇದ್ದಾಳೆ, ನೀನು ನಗ್ತಾ ಇದ್ದೆ!" ಎಂದು ಬೈದಳು. ಬೈದವಳ ದನಿಯೂ ಅರ್ಧಕ್ಕೆ ನಿಂತುಹೋಯಿತು. ಅವಳಿಗೂ ಆಗಲೇ ಹೊಳೆದದ್ದು.

ಆ ಮಳೆಗಾಲದ ಕತೆ ಅಷ್ಟೇ. ಆದರೆ ನನ್ನ ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಎರಡು ವರ್ಷ ಕಳೆದು ಕ್ಲಾಸು ಮುಗಿಯುವ ದಿನ ಟೀಚರು ಹೇಳಿದ್ದರು: "ಇನ್ನು ಎಲ್ಲರ ಜೊತೆ ಮಾಮೂಲಿ ಶಾಲೆಗೆ ಕಳಿಸಿ. ಮನೆಯಲ್ಲಿ ಮಾತಾಡೋದು ಬೇರೆ, ನಲವತ್ತು ಮಕ್ಕಳ ನಡುವೆ ಬೇರೆ. ಕೆಲವು ಮಕ್ಕಳು ಅಲ್ಲಿ ಮೂಲೆ ಹಿಡಿದು ಸುಮ್ಮನಾಗ್ತಾರೆ. ಅದೊಂದು ನೋಡ್ಬೇಕು." ನಾನು ಆ ಮಾತನ್ನು ಹಿಡಿದುಕೊಂಡು ಬೆಳಕೆಗೆ ಹೋದೆ, ಹಂಚು ಹಾಕಿಸಿ ಬಂದೆ. ಸಾನ್ವಿ ಎಲ್‌ಕೆಜಿಗೆ ಹೋಗಲು ಶುರುಮಾಡಿದ್ದಳು. ಶಾಲೆಯಲ್ಲಿ ಏನಾಯಿತು ಎಂದರೆ "ಉಪ್ಪಿಟ್ಟು" ಎಂದಷ್ಟೇ ಹೇಳುತ್ತಿದ್ದಳು. ನನಗೆ ಊಟ ಸೇರುತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಶಾಲೆಯಿಂದ ಫೋನು. ಮನೆಯಿಂದ ಯಾರಾದರೂ ಬಂದು ಮಿಸ್ಸನ್ನು ನೋಡಬೇಕಂತೆ. ಯಶೋದಾಳ ಕೈಯಲ್ಲಿ ಹದಿನೈದು ಮಕ್ಕಳು. ನಾನೇ ಇಸ್ತ್ರಿ ಅಂಗಿ ಹಾಕಿಕೊಂಡು ಮಳೆಯಲ್ಲಿ ಹೊರಟೆ. ದಾರಿಯುದ್ದಕ್ಕೂ ಮೂಲೆಯಲ್ಲಿ ಒಬ್ಬಳೇ ಕೂತ ಸಾನ್ವಿಯೇ ಕಣ್ಣ ಮುಂದೆ.

ಮಿಸ್ಸು ಬಾಗಿಲಿಗೇ ಬಂದರು. "ನೀವು ಸಾನ್ವಿಯ ಅಜ್ಜನಾ? ನೋಡಿ, ಬೇಜಾರು ಮಾಡ್ಕೊಳ್ಬೇಡಿ, ಒಂದು ಕಂಪ್ಲೇಂಟ್ ಉಂಟು. ಪಾಠ ಮಾಡುವಾಗ ಪಕ್ಕದವಳ ಹತ್ರ ಮಾತು. ಜಾಗ ಬದಲಿಸಿದೆ, ಅಲ್ಲಿಯೂ ಮಾತು. ಒಬ್ಬಳನ್ನೇ ಕೂರಿಸಿದೆ, ಕಿಟಕಿಯಲ್ಲಿ ಬಂದ ಕಾಗೆಯ ಹತ್ರ ಮಾತು. ಸ್ವಲ್ಪ ಮನೆಯಲ್ಲಿ ಹೇಳ್ಬೇಕು ನೀವು."

ನಾನು ಕೊಡೆ ಮಡಚಿ ಕಂಕುಳಿಗಿಟ್ಟೆ. "ಇನ್ನೊಂದ್ ಸಲ ಹೇಳಿ ಮಿಸ್ಸೇ."

ಅಜ್ಜನಿಗೆ ಕಿವಿ ಕೇಳುವುದಿಲ್ಲ ಎಂದುಕೊಂಡರೋ ಏನೋ, ಅವರು ಹತ್ತಿರ ಬಂದು ವರಾಂಡದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿದರು: "ನಿಮ್ಮ ಮೊಮ್ಮಗಳು! ತುಂಬಾ! ಮಾತಾಡ್ತಾಳೆ!"

ಪಕ್ಕದ ಕ್ಲಾಸಿನ ಮಕ್ಕಳೂ ತಿರುಗಿ ನೋಡಿದವು. ನಾನು ಕೈ ಮುಗಿದೆ. "ಮಿಸ್ಸೇ, ಇದನ್ನು ಒಂದು ಕಾಗದದಲ್ಲಿ ಬರೆದು ಕೊಡಿ. ನಾ ಹೇಳಿದ್ರೆ ಮಗಳು ನಂಬೂದಿಲ್ಲ."

ಅವರು ಸಾನ್ವಿಯ ಡೈರಿ ತೆರೆದು ಕೆಂಪು ಶಾಯಿಯಲ್ಲಿ ಬರೆದರು. ಅದನ್ನು ಅಂಗಿಯೊಳಗಿಟ್ಟುಕೊಂಡು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಸಾನ್ವಿಯನ್ನು ಹಿಡಿದು ಮನೆಗೆ ಬಂದೆ. ಯಶೋದಾ ಒಂದು ಮಗುವಿಗೆ ಅಂಗಿ ಹಾಕುತ್ತಿದ್ದವಳು ನಿಂತಲ್ಲೇ ಓದಿದಳು. ಕೂತು ಮತ್ತೊಮ್ಮೆ ಓದಿದಳು. ಕೆಳಗೆ ಪಾಲಕರ ಸಹಿ ಎಂದಿತ್ತು. ಪೆನ್ನು ಹಿಡಿದವಳು ಅದನ್ನು ನನ್ನ ಕಡೆ ಚಾಚಿದಳು. "ಅಪ್ಪಾ, ನೀನೇ ಹಾಕು."

ನಾನು ನನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲ ಸೇರಿಸಿ ಬರೆಯತೊಡಗಿದೆ. ಸಾನ್ವಿ ನನ್ನ ಮೊಣಕಾಲಿಗೆ ಒತ್ತಿಕೊಂಡು ನಿಂತು ಕೇಳುತ್ತಲೇ ಇದ್ದಳು. "ಅಜ್ಜಾ, ಎಂತ ಬರೀತಿ? ನನ್ನ ಡೈರಿಯಲ್ಲಿ ಎಂತಕ್ಕೆ ಬರೀತಿ? ಮಿಸ್ಸು ಬೈದ್ರಾ? ನಿಂಗಾ, ನಂಗಾ? ಕಾಗೆಯೂ ಸಾ ಮಾತಾಡಿತ್ತು, ಅದಕ್ಕೆ ಬೈದ್ರಾ? ಅಮ್ಮ ಎಂತಕ್ಕೆ ಅಳ್ತಾ ಇದ್ದಾಳೆ? ಅಜ್ಜಾ, ಹೇಳು, ಅಜ್ಜಾ..."

ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ.